ಜೋಡಿ ಗಾಡಿಯ ಹದಿನಾಲ್ಕು ದೋಷಗಳು

ಪೆಟ್ಟಿಗೆ ಬಂದ ದಿನ ನಮ್ಮ ಮನೆಯ ಜಗಲಿಯ ಮೇಲೆ ಇದ್ದವರು ಇಷ್ಟು ಜನ: ಬಾಣಂತನಕ್ಕೆ ಬಂದಿದ್ದ ನನ್ನ ತಂಗಿ, ಅವಳ ಮಡಿಲಲ್ಲಿ ಒಂದು ಕೂಸು, ನಮ್ಮಮ್ಮನ ಮಡಿಲಲ್ಲಿ ಇನ್ನೊಂದು ಕೂಸು, ಕತ್ತರಿ ಹಿಡಿದುಕೊಂಡ ನಾನು, ನಮ್ಮ ಕಾಫಿ ತೋಟಕ್ಕೆ ಎಷ್ಟು ಆಳು ಬಂದಿದ್ದಾರೆಂದು ಹೇಳಲು ಬಂದವನು ಪೆಟ್ಟಿಗೆ ಕಂಡು ಅಲ್ಲೇ ಕೂತುಬಿಟ್ಟ ಮೇಸ್ತ್ರಿ, ಮತ್ತು ನಮ್ಮೆಲ್ಲರಿಂದ ಮಾರು ದೂರದಲ್ಲಿ, ಹಿಂದಿನ ಕಾಲದ ಎಸ್ಟೇಟ್ ದೊರೆಗಳ ಹಾಗೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ ನಮ್ಮ ಚಿಕ್ಕಪ್ಪ.

ನಮ್ಮ ಚಿಕ್ಕಪ್ಪನನ್ನು ನೀವು ನೋಡಿಲ್ಲ. ಅದರಿಂದ ನಿಮಗೇನೂ ನಷ್ಟವಾಗಿಲ್ಲ ಬಿಡಿ. ಅವರು ನಿಮ್ಮನ್ನು ನೋಡಿದ್ದರೆ ಮಾತ್ರ ನಿಮ್ಮ ಒಂಬತ್ತು ದೋಷಗಳು ಇಷ್ಟು ಹೊತ್ತಿಗೆ ಗೋಣಿಬೀಡಿನ ಬಸ್‌ಸ್ಟ್ಯಾಂಡಿನ ತನಕ ಎಲ್ಲರಿಗೂ ಗೊತ್ತಾಗಿರುತ್ತಿದ್ದವು! ಕೆಟ್ಟ ಮನುಷ್ಯರಲ್ಲ. ಆದರೆ ಯಾವುದೇ ವಸ್ತುವಿರಲಿ, ಪ್ರಾಣಿಯಿರಲಿ, ಮನುಷ್ಯರಿರಲಿ, ಅದರ ಗುಣದೋಷಗಳ ವಿಚಾರಣೆ ನಡೆಸದೆ ಒಳಗೆ ಬಿಟ್ಟುಕೊಂಡ ಜೀವ ಅವರದಲ್ಲ. ಮಿಕ್ಸಿ ಬಂದಾಗ ಹಾಗೇ, ಔಷಧಿ ಹೊಡೆಯುವ ಪಂಪು ಬಂದಾಗ ಹಾಗೇ. ಅಷ್ಟೇಕೆ, ತಂಗಿಗೆ ಗಂಡು ನೋಡಲು ಹೋದಾಗಲೂ ಹಾಗೇ! ಆ ಹುಡುಗನಿಗೆ ಅವನ ಅಪ್ಪ ಅಮ್ಮನ ಎದುರಿಗೇ ಏಳು ದೋಷ ಹೇಳಿ, ಅವರು ಮುಖ ಮುಖ ನೋಡಿಕೊಳ್ಳುತ್ತಿರುವಾಗ, "ಗುಣ ಒಂದೇ. ಮಾತು ಕಡಿಮೆ. ನಮ್ಮ ಹುಡುಗಿಗೆ ಅಷ್ಟು ಸಾಕು. ಒಪ್ಪಿಗೆ" ಎಂದು ಬಂದವರು ಅವರು. ಆ ಕಡಿಮೆ ಮಾತಿನ ಭಾವನೇ ಈಗ ತರೀಕೆರೆಯಿಂದ ಈ ಪೆಟ್ಟಿಗೆಯನ್ನು ತರಿಸಿ ಕಳಿಸಿದ್ದು.

ಪೆಟ್ಟಿಗೆಯೊಳಗೆ ಇದ್ದದ್ದು ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿ. ಅವಳಿ ಮಕ್ಕಳಿಗೆಂದೇ ಮಾಡಿದ್ದು. ಅಕ್ಕಪಕ್ಕ ಎರಡು ಸೀಟು, ಎರಡು ಪುಟ್ಟ ಕೊಡೆ, ಕೆಳಗೆ ಲೆಕ್ಕವಿಲ್ಲದಷ್ಟು ಪುಟಾಣಿ ಚಕ್ರಗಳು. ಪೆಟ್ಟಿಗೆಯ ಮೇಲೆ ಎರಡು ಸಂಗತಿಗಳನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು: ಗಾಡಿ ಬಹಳ ಹಗುರ, ಒಂದೇ ಕೈಯಲ್ಲಿ ಮಡಚಬಹುದು.

"ಹಗುರ ಅಂತ ಯಾರು ಹೇಳಿದ್ದು?" ಚಿಕ್ಕಪ್ಪ ಕೇಳಿದರು.

"ಮಾಡಿದೋರೇ ಬರ್ದಿದಾರೆ, ಚಿಕ್ಕಪ್ಪ" ಎಂದೆ.

"ಕಾಫಿ ಕೊಯ್ದೋಳು ಹೇಳಿದ ತೂಕ ನಾವು ಯಾವತ್ತಾದ್ರೂ ಬರ್ಕೊಂಡಿದೀವಾ ಮಾರಾಯ? ತಕ್ಕಡೀಲಿ ತೂಗ್ತೀವಲ್ಲ? ಮೇಸ್ತ್ರಿ, ಎತ್ತು ಇದನ್ನ."

ಸಂಜೆ ಕಾಫಿಹಣ್ಣು ತೂಗುವ ತಕ್ಕಡಿಗೆ ಗಾಡಿಯನ್ನು ನೇತುಹಾಕಿದ್ದಾಯಿತು. ಮೇಸ್ತ್ರಿ ಮುಳ್ಳು ನೋಡಿ ಒಂಬತ್ತೂವರೆ ಕಿಲೋ ಎಂದ. ಆಮೇಲೆ ಅಭ್ಯಾಸಬಲ ನೋಡಿ, "ಚೀಲಕ್ಕೆ ಒಂದು ಕಿಲೋ ಕಳೀಲಾ ಸಣ್ಣಯ್ಯ?" ಎಂದೂ ಚಿಕ್ಕಪ್ಪನನ್ನು ಕೇಳಿದ!

ಪೆಟ್ಟಿಗೆಯ ಮೇಲೆ ಒಂಬತ್ತು ಎಂದಿತ್ತು. ಅರ್ಧ ಕಿಲೋ ಹೆಚ್ಚು ಬಂದಿತ್ತು. ಚಿಕ್ಕಪ್ಪ ಒಂದು ಗಳಿಗೆ ಯೋಚಿಸಿ ತೀರ್ಪು ಕೊಟ್ಟರು. "ಇನ್ನೂ ತೇವ ಇದೆ. ಎರಡು ದಿನ ಬಿಸಿಲಿಗೆ ಹಾಕಿ."

ಹಾಕಿದೆವು! ಎರಡು ದಿನ ಆ ಗಾಡಿ ಕಣದ ಮೂಲೆಯಲ್ಲಿ ಕಾಫಿಬೀಜದ ಪಕ್ಕ ಒಣಗಿತು. ಮತ್ತೆ ತೂಗಿದರೆ ಮತ್ತೆ ಒಂಬತ್ತೂವರೆ. ಅಲ್ಲಿಗೆ ಮೊದಲನೆಯ ದೋಷ ಸಾಬೀತಾಯಿತು: ಹೇಳಿದಷ್ಟು ಹಗುರವಿಲ್ಲ. ಎರಡನೆಯ ದೋಷ ಅದರ ಬೆನ್ನಿಗೇ ಬಂತು: ಇಷ್ಟು ಹಗುರವಾದರೆ ಗಾಳಿಗೆ ಹಾರಿಹೋಗುತ್ತದೆ. "ಚಿಕ್ಕಪ್ಪ, ಭಾರವೂ ದೋಷ, ಹಗುರವೂ ದೋಷ ಅಂದ್ರೆ ಹೆಂಗೆ?" ಎಂದು ತಂಗಿ ಕೇಳಿದಳು. "ಅದಕ್ಕೇ ಎರಡು ದೋಷ ಅಂದಿದ್ದು. ಒಂದೇ ಆಗಿದ್ರೆ ಒಂದು ಅಂತಿದ್ದೆ" ಎಂದರು. ಮೇಸ್ತ್ರಿ ತನ್ನ ಎಡಗೈಯ ಎರಡು ಬೆರಳು ಮಡಚಿದ. ಈಚೆಗೆ ಚಿಕ್ಕಪ್ಪ ಎಣಿಸುವುದಕ್ಕೂ ಮೇಸ್ತ್ರಿಯ ಬೆರಳನ್ನೇ ಬಳಸುತ್ತಿದ್ದರು. ದೋಷಕ್ಕೆ ಅವನ ಎಡಗೈ, ಗುಣಕ್ಕೆ ಬಲಗೈ. ಬಲಗೈಗೆ ಅಂಥ ಕೆಲಸವೇನೂ ಇರಲಿಲ್ಲ.

ಈಗ ಮಕ್ಕಳ ವಿಷಯ ಹೇಳಬೇಕು. ಒಂದು ಹೆಣ್ಣು, ಒಂದು ಗಂಡು. ಹೆಣ್ಣು ನಾಲ್ಕು ನಿಮಿಷಕ್ಕೆ ದೊಡ್ಡವಳು, ಆದರೆ ಕಡ್ಡಿಯ ಹಾಗಿದ್ದಳು. ಬಿಸಿಲು ಬಿದ್ದರೆ ಅಳು, ಗಾಳಿ ಬೀಸಿದರೆ ಸೀನು, ಹೊಸ ಮುಖ ಕಂಡರೆ ಮುಖ ಕೆಂಪು. ಗಂಡು ಗುಂಡುಕಲ್ಲು. ಯಾರು ಎತ್ತಿಕೊಂಡರೂ ಸರಿ, ಎಲ್ಲಿ ಮಲಗಿಸಿದರೂ ಸರಿ. ನಾಮಕರಣದಲ್ಲಿ ಅವಕ್ಕೆ ಒಳ್ಳೆಯ ಹೆಸರುಗಳನ್ನೇ ಇಟ್ಟಿದ್ದೆವು. ಆದರೆ ಚಿಕ್ಕಪ್ಪ ಮಾರು ದೂರದಿಂದ ಎರಡು ದಿನ ಗಮನಿಸಿ, "ಅದು ಅರೇಬಿಕಾ, ಇದು ರೋಬಸ್ಟಾ" ಎಂದುಬಿಟ್ಟರು. ಕಾಫಿಯಲ್ಲಿ ಮೊದಲನೆಯದು ನಾಜೂಕಿನ ಜಾತಿ, ಎರಡನೆಯದು ಗಟ್ಟಿಮುಟ್ಟಿನದು. ಮುಗಿಯಿತು. ನೋಡಲು ಬಂದ ನೆಂಟರೂ "ಅರೇಬಿಕಾ ಎದ್ದಿದಾಳಾ?" ಎಂದೇ ಕೇಳತೊಡಗಿದರು!

"ಮಾರು ದೂರದಿಂದ" ಎಂದೆನಲ್ಲ, ಅದು ಬಾಯಿಗೆ ಬಂದ ಮಾತಲ್ಲ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಎಲ್ಲರನ್ನೂ ಚುಚ್ಚುತ್ತಿದ್ದ ಮುಳ್ಳು ಅದೇ. ಮಕ್ಕಳು ಹುಟ್ಟಿ ಮೂರು ತಿಂಗಳಾದರೂ ಚಿಕ್ಕಪ್ಪ ಅವನ್ನು ಒಂದು ಸಲವೂ ಎತ್ತಿಕೊಂಡಿರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಗಂಡಸರ ಹಣೆಬರಹ ಎಂದು ಸುಮ್ಮನಾಗಬಹುದಿತ್ತು. ಆದರೆ ಇವರು ನನ್ನ ತಂಗಿಯನ್ನು ಎತ್ತಿ ಬೆಳೆಸಿದವರು! ಅವಳು ಆರು ತಿಂಗಳ ಕೂಸಾಗಿದ್ದಾಗ ಅಮ್ಮನಿಗೆ ಕಾಮಾಲೆಯಾಗಿ ಹಾಸಿಗೆ ಹಿಡಿದರು. ಅಪ್ಪನಿಗೆ ತೋಟದ ಕೆಲಸ. ಮದುವೆ ಮಾಡಿಕೊಳ್ಳದ ಚಿಕ್ಕಪ್ಪ ಎರಡು ತಿಂಗಳು ಅವಳನ್ನು ಟವೆಲಿನಲ್ಲಿ ಎದೆಗೆ ಕಟ್ಟಿಕೊಂಡೇ ಕಾಫಿಗಿಡಗಳ ಮಧ್ಯೆ ಓಡಾಡಿದರಂತೆ. ಮೇಸ್ತ್ರಿ ಈಗಲೂ ಹೇಳುತ್ತಾನೆ, "ಸಣ್ಣಯ್ಯ ಗಿಡ ಕಸಿ ಮಾಡ್ತಾ ಬಗ್ಗಿದ್ರೆ ಎದೇಲಿದ್ದ ಈ ಅಮ್ಮ ಅವರ ಮೂಗು ಹಿಡ್ಕೊಳ್ಳೋರು" ಅಂತ. ಅಪ್ಪ ತೀರಿಕೊಂಡ ಮೇಲೆ ತೋಟ ನೋಡಿಕೊಳ್ಳುವವನು ಹೆಸರಿಗೆ ನಾನು, ನಿಜಕ್ಕೆ ಚಿಕ್ಕಪ್ಪ. ತಂಗಿಗಂತೂ ಅಪ್ಪನೂ ಅವರೇ.

ಅಂಥವರು ಈಗ ಅವಳ ಮಕ್ಕಳನ್ನು ಮುಟ್ಟುವುದಿಲ್ಲ! ಕೊಡಲು ಹೋದರೆ ಒಂದೊಂದು ಸಲ ಒಂದೊಂದು ನೆಪ. ನೆಗಡಿ. ಕೈಗೆ ಕಾಫಿ ಸಿಪ್ಪೆಯ ವಾಸನೆ. ಸೊಂಟ ಹಿಡಿದಿದೆ. ಈಗತಾನೆ ಸ್ನಾನ ಮಾಡಿದ್ದೇನೆ. ಇನ್ನೂ ಸ್ನಾನ ಮಾಡಿಲ್ಲ! ನಾಮಕರಣದ ದಿನ ಮನೆಯ ಹಿರಿಯರು ಕೂಸುಗಳ ಹಣೆಗೆ ವಿಭೂತಿ ಹಚ್ಚಬೇಕು ಎಂದಾಗ, "ಅತ್ತಿಗೆ, ನೀವೇ ಹಿರಿಯರು, ನೀವೇ ಹಚ್ಚಿ" ಎಂದು ಅಮ್ಮನನ್ನು ಮುಂದೆ ಮಾಡಿ ಗೋಡೌನಿನ ಕಡೆ ಹೋದವರು ಊಟದ ಹೊತ್ತಿಗೆ ಬಂದರು.

"ಹೆಣ್ಣು ಮದುವೆ ಆಗಿ ಹೋದ್ಮೇಲೆ ಬೇರೆಯವಳು ಅನ್ನಿಸ್ಬಿಡುತ್ತೇನೋ ಅಲ್ವಾ ಅಣ್ಣ?" ಎಂದು ಒಂದು ದಿನ ತಂಗಿ ಕೇಳಿದಳು. ನಗುತ್ತಲೇ ಕೇಳಿದಳು. ಜನವರಿ ಕೊನೆಗೆ ಅವಳು ಗಂಡನ ಮನೆಗೆ ಹೊರಡುವುದೆಂದು ನಿಶ್ಚಯವಾಗಿತ್ತು. ಅಷ್ಟರೊಳಗೆ ಚಿಕ್ಕಪ್ಪ ಒಂದು ಸಲ, ಒಂದೇ ಒಂದು ಸಲ, ಮಕ್ಕಳನ್ನು ಎತ್ತಿಕೊಳ್ಳಲಿ ಎಂಬುದು ಅವಳ ಆಸೆ. ಬಾಯಿಬಿಟ್ಟು ಕೇಳುವುದಕ್ಕೆ ಹಠ. ಆ ಹಠವನ್ನು ಕಲಿಸಿದವರೂ ಚಿಕ್ಕಪ್ಪನೇ!

ಇರಲಿ, ಗಾಡಿಗೆ ಬರೋಣ. ಕೂಸುಗಳನ್ನು ಕೂರಿಸುವ ಮುಂಚೆ ಪರೀಕ್ಷೆ ಆಗಬೇಕು ಎಂದು ಚಿಕ್ಕಪ್ಪ ಎರಡು ದಿಂಬಿನ ಚೀಲಗಳಿಗೆ ಕಾಫಿಬೀಜ ತುಂಬಿಸಿದರು. ಒಂದು ಅರೇಬಿಕಾಳ ತೂಕಕ್ಕೆ, ಇನ್ನೊಂದು ರೋಬಸ್ಟಾನ ತೂಕಕ್ಕೆ. ಗ್ರಾಂ ಲೆಕ್ಕದಲ್ಲಿ! ಅವೆರಡನ್ನೂ ಬೆಲ್ಟು ಹಾಕಿ ಕೂರಿಸಿ ನಮ್ಮ ತೋಟದ ಗೇಟಿನ ತನಕ ತಳ್ಳಿಕೊಂಡು ಹೋದರು. ನಮ್ಮ ತೋಟದ ದಾರಿಯ ಬಗ್ಗೆ ಹೇಳುವುದೇನಿದೆ? ಜೀಪೇ ಎಡವುವ ದಾರಿ. ಆ ಪುಟಾಣಿ ಚಕ್ರಗಳು ಮೊದಲನೆಯ ಗುಂಡಿಗೆ ಇಳಿದು ಎರಡನೆಯದನ್ನು ಮುಟ್ಟುವಷ್ಟರಲ್ಲಿ ಗಾಡಿ ಜ್ವರ ಬಂದವರ ಹಾಗೆ ಗಡಗಡ ನಡುಗತೊಡಗಿತು. ಗೇಟು ಮುಟ್ಟಿ ವಾಪಸು ಬರುವಾಗ ಒಂದೇ ಚೀಲ ಉಳಿದಿತ್ತು.

"ಅತ್ತಿಗೇ! ರೋಬಸ್ಟಾನ್ನ ಎಲ್ಲೋ ದಾರೀಲಿ ಬೀಳಿಸ್ಕೊಂಡೆ!" ಎಂದು ಅಂಗಳದಲ್ಲಿ ನಿಂತು ಕೂಗಿದರು.

ಒಳಗೆ ರೊಟ್ಟಿ ತಟ್ಟುತ್ತಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ, "ಶಿವಶಿವಾ!" ಎಂದು ಓಡಿಬಂದು ದಾರಿಯುದ್ದಕ್ಕೂ ಪೊದೆ ಪೊದೆ ಹುಡುಕಿದರು. ನಿಜವಾದ ರೋಬಸ್ಟಾ ತೊಟ್ಟಿಲಲ್ಲಿ ಬೆರಳು ಚೀಪುತ್ತಾ ಮಲಗಿದ್ದ. ಅಮ್ಮ ಎರಡು ದಿನ ಚಿಕ್ಕಪ್ಪನ ಹತ್ತಿರ ಮಾತಾಡಲಿಲ್ಲ. ದೋಷಗಳು ಆರಾದವು.

ಏಳನೆಯದು ಅಗಲ. ಅಕ್ಕಪಕ್ಕ ಸೀಟಿನ ಗಾಡಿ ನಮ್ಮ ಹಳೆಯ ಬಾಗಿಲಲ್ಲಿ ತೂರುವುದಿಲ್ಲ. ಮಡಚಿದರೆ ತೂರುತ್ತದೆ, ಆದರೆ ಮಡಚಿದ ಮೇಲೆ ಮಕ್ಕಳು ಎಲ್ಲಿರಬೇಕು? ಹಾಗೂ ಹೀಗೂ ಓರೆ ಮಾಡಿ ನುಗ್ಗಿಸೋಣ ಎಂದರೆ ಅಮ್ಮ ಅಡ್ಡ ನಿಂತರು. "ದಿನಾ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡೋ ಹೊಸ್ತಿಲ ಮೇಲೆ ಚಕ್ರ ಹತ್ತಿಸ್ತೀರಾ? ನಾನಿರೋ ತನಕ ಆಗಲ್ಲ." ಹೀಗಾಗಿ ಗಾಡಿಗೆ ಕಣದ ಪಕ್ಕದ ಗೋಡೌನೇ ಮನೆಯಾಯಿತು. ಎಂಟನೆಯದು ಹಿಡಿಕೆಯ ಪಕ್ಕದಲ್ಲಿದ್ದ ಬಟ್ಟಲು. ತಳ್ಳುವವರು ಕಾಫಿ ಇಟ್ಟುಕೊಳ್ಳಲಿ ಎಂದು ಅದನ್ನು ಮಾಡಿದ್ದಾರಂತೆ. ನಮ್ಮ ಲೋಟ ಅದರಲ್ಲಿ ಹಿಡಿಸಲಿಲ್ಲ. "ಕಾಫಿ ಬೆಳೆಯೋ ಊರಿಗೆ ಕಳಿಸೋ ಗಾಡೀಲಿ ಕಾಫಿ ಲೋಟ ಹಿಡಿಸಲ್ಲ ಅಂದ್ರೆ ಎಂತ ಹೇಳ್ಬೇಕು ಮಾರಾಯ!" ಇದಕ್ಕೆ ಮಾತ್ರ ನಾವೆಲ್ಲರೂ ಒಪ್ಪಿದೆವು.

ಇನ್ನು ಬಸ್ಸಿನ ಕಥೆ. ಮಕ್ಕಳಿಗೆ ಚುಚ್ಚುಮದ್ದು ಹಾಕಿಸಲು ಗೋಣಿಬೀಡಿಗೆ ಹೋಗಬೇಕಿತ್ತು. ಜೀಪು ರಿಪೇರಿಗೆ ಹೋಗಿತ್ತು. ನಾನು, ತಂಗಿ, ಎರಡು ಕೂಸು, ಗಾಡಿ. ಚಿಕ್ಕಪ್ಪ, "ಗಾಡಿಗೆ ನಾನು ಜವಾಬ್ದಾರಿ" ಎಂದು ತಾವೇ ಹೊರಟರು. ಬಸ್ಸು ನಿಂತಿತು. ಇಳಿಜಾರಿನಲ್ಲಿ ಬಸ್ಸು ಎಷ್ಟು ಹೊತ್ತು ನಿಲ್ಲುತ್ತದೆ ಹೇಳಿ? ಒಂದೇ ಕೈಯಲ್ಲಿ ಮಡಚಬಹುದಾದ ಆ ಗಾಡಿಯನ್ನು ನಾನು ಎರಡು ಕೈಯಲ್ಲಿ, ಒಂದು ಮೊಣಕಾಲಲ್ಲಿ ಒತ್ತಿದರೂ ಅದು ಮಡಚಿಕೊಳ್ಳಲಿಲ್ಲ. ಕಂಡಕ್ಟರ್ ಇಳಿದು ಬಂದ. ಡ್ರೈವರ್ ಕಿಟಕಿಯಿಂದ ಸಲಹೆ ಕೊಟ್ಟ. ಬಸ್ಸಿನಲ್ಲಿದ್ದವರೆಲ್ಲ ಒಂದೊಂದು ಕಡ್ಡಿ ಹಿಡಿದು ಎಳೆದರು.

"ಇದ್ರಲ್ಲಿ ಗುಂಡಿ ಎಲ್ಲಿದೆ ಯಜಮಾನ್ರೇ?" ಕಂಡಕ್ಟರ್ ಕೇಳಿದ.

"ಗುಂಡಿ ಇದೆ. ಅದನ್ನ ಒತ್ತೋ ಹೊತ್ತಿಗೆ ಇನ್ನೊಂದು ಕಡೆ ಇನ್ನೊಬ್ರು ಇನ್ನೊಂದು ಗುಂಡಿ ಒತ್ಬೇಕು" ಎಂದರು ಚಿಕ್ಕಪ್ಪ ಶಾಂತವಾಗಿ.

"ಮತ್ತೆ ಒಂದೇ ಕೈ ಅಂತ ಬರ್ದಿದಾರೆ?"

"ಒಬ್ಬೊಬ್ಬರದು ಒಂದೊಂದು ಕೈ!"

ಇಡೀ ಬಸ್ಸು ನಕ್ಕಿತು. ಕೊನೆಗೆ ಹಾಗೆಯೇ ಮಡಚಿದೆವು. ಆದರೆ ಆ ಗಲಾಟೆಯಲ್ಲಿ ತಂಗಿಯ ಕೈಲಿದ್ದ ಕೂಸುಗಳನ್ನು ಯಾರಾದರೂ ಹಿಡಿದುಕೊಳ್ಳಬೇಕಿತ್ತಲ್ಲ? ಅವಳು ಮೊದಲು ನೋಡಿದ್ದು ಚಿಕ್ಕಪ್ಪನ ಕಡೆಗೆ. ಚಿಕ್ಕಪ್ಪ ಮಡಚಿದ ಗಾಡಿಯನ್ನು ಎರಡೂ ತೋಳಲ್ಲಿ ಅಪ್ಪಿಕೊಂಡು ಬೇರೆ ಕಡೆ ತಿರುಗಿದರು. ಅರೇಬಿಕಾಳನ್ನು ಆಲ್ದೂರಿಂದ ಬಂದಿದ್ದ, ಗುರುತು ಪರಿಚಯವಿಲ್ಲದ ಒಬ್ಬ ಅಜ್ಜಿ ಮಡಿಲಿಗೆ ಹಾಕಿಕೊಂಡರು. ರೋಬಸ್ಟಾ ಡ್ರೈವರ್ ಪಕ್ಕದ ಸೀಟಿನಿಂದ ಕೊನೆಯ ಸೀಟಿನ ತನಕ ಕೈಯಿಂದ ಕೈಗೆ ಪ್ರಯಾಣ ಮಾಡಿ ಎಲ್ಲರ ಶರ್ಟಿನ ಜೇಬೂ ಒದ್ದೆ ಮಾಡಿದ.

ಮನೆಗೆ ಬಂದ ಮೇಲೆ ತಂಗಿ ಅಡಿಗೆಮನೆಯಲ್ಲಿ ಅಮ್ಮನ ಹತ್ತಿರ, "ಬಸ್ಸಲ್ಲಿದ್ದ ಜನ ಎಲ್ಲಾ ಎತ್ಕೊಂಡ್ರು ಅಮ್ಮ. ಚಿಕ್ಕಪ್ಪ ಗಾಡಿ ಎತ್ಕೊಂಡ್ರು" ಎಂದಳು. ಈ ಸಲ ನಗಲಿಲ್ಲ.

ಹೊರಗೆ ಜಗಲಿಯಲ್ಲಿ ಚಿಕ್ಕಪ್ಪ ಮೇಸ್ತ್ರಿಗೆ ಹನ್ನೊಂದನೆಯ ದೋಷ ಹೇಳುತ್ತಿದ್ದರು. ಮಾತು ಅಲ್ಲಿಗೇ ನಿಂತಿತು. ಕೇಳಿಸಿತೋ ಏನೋ.

ನಮ್ಮ ತೋಟದಲ್ಲಿ ಮಟ್ಟಸವಾದ ಜಾಗ ಎಂದರೆ ಒಂದೇ, ಕಾಫಿ ಒಣಗಿಸುವ ಸಿಮೆಂಟಿನ ಕಣ. ಉಳಿದದ್ದೆಲ್ಲ ಒಂದೋ ಹತ್ತು, ಇಲ್ಲವೇ ಇಳಿ. ಆ ಕಣದ ರಾಜರು ಚಿಕ್ಕಪ್ಪ. ಕೊಯ್ಲಿನ ಕಾಲದಲ್ಲಿ ಸುಲಿದು ತೊಳೆದ ಬೀಜವನ್ನು ಅಲ್ಲಿ ಹರವಿದ ಮೇಲೆ ಚಪ್ಪಲಿ ಕಾಲಿಟ್ಟರೆ ಜೀವಂತ ವಾಪಸು ಬರುವಂತಿಲ್ಲ. ಗಂಟೆಗೊಮ್ಮೆ ಮರದ ಹಲಗೆಯಿಂದ ಸಾಲು ಸಾಲಾಗಿ ಕೆದಕಿ ತಿರುವಬೇಕು. ಒಂದು ಹನಿ ನೀರು ಬಿದ್ದರೂ ಬೀಜ ಕಪ್ಪಾಗುತ್ತದೆ, ವರ್ಷದ ದುಡಿಮೆ ಹಾಳಾಗುತ್ತದೆ. ಮೋಡ ಕಂಡರೆ ಸಾಕು, ಊಟದ ಎಲೆ ಬಿಟ್ಟು ಏಳುವ ಮನುಷ್ಯ! ಅಂಥ ಕಣದಲ್ಲಿ ಒಂದು ಬೆಳಿಗ್ಗೆ ನಾವು ನೋಡುತ್ತೇವೆ, ಹರವಿದ ಕಾಫಿಯ ಮಧ್ಯೆ ಸುತ್ತಲೂ ಒಂದು ದಾರಿ. ಗುಡಿಸಿ ಹಸನು ಮಾಡಿದ ದಾರಿ. ದೇವಸ್ಥಾನದ ಪ್ರದಕ್ಷಿಣೆಯ ದಾರಿಯ ಹಾಗೆ. ಅಗಲ ಎಷ್ಟು ಅಂತೀರಿ? ಸರಿಯಾಗಿ ಗಾಡಿಯಷ್ಟು!

"ಇದೇನು ಸಣ್ಣಯ್ಯ?" ಮೇಸ್ತ್ರಿ ಕೇಳಿದ.

"ಕಾಫಿಗೆ ಗಾಳಿಯಾಡ್ಬೇಕು."

"ಮೂವತ್ತು ವರ್ಷದಿಂದ ಆಡ್ದೇ ಇದ್ದ ಗಾಳಿ ಈಗ ಆಡ್ಬೇಕಾ?"

"ನಿನಗೆ ಕೆಲಸ ಇಲ್ವಾ ಮಾರಾಯ?"

ಅವತ್ತಿನಿಂದ ದಿನವೂ ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಪ್ಪ ಬರಿಗಾಲಲ್ಲಿ ಗಾಡಿ ತಳ್ಳುತ್ತಾ ಕಣ ಸುತ್ತುವುದು ಶುರುವಾಯಿತು. ಕೂಸುಗಳನ್ನು ಕೂರಿಸುವುದು ನಾನು ಅಥವಾ ಅಮ್ಮ. ಇಳಿಸುವ ಹೊತ್ತಾದರೆ, "ಯಾರ್ರೀ ಅಲ್ಲಿ? ಲೋಡ್ ಇಳಿಸ್ಕೊಳ್ಳಿ!" ಎಂದು ಮೂಟೆಯ ಲಾರಿ ಬಂದ ಹಾಗೆ ಕೂಗುತ್ತಿದ್ದರು. ನಡುವೆ ಒಂದೂವರೆ ಗಂಟೆ ಗಾಡಿ ಅವರದು. ಮೇಸ್ತ್ರಿ ಹಲಗೆಯಿಂದ ಕಾಫಿ ಕೆದಕುವ ಸರಸರ ಸದ್ದು, ಚಿಕ್ಕಪ್ಪನ ಗೊಣಗು, ಚಳಿಗಾಲದ ಎಳೆ ಬಿಸಿಲು. ಹಗಲೂ ರಾತ್ರಿ ಸರದಿ ಹಾಕಿಕೊಂಡು ಅಳುತ್ತಿದ್ದ ಅವಳಿಗಳು ಎರಡನೆಯ ಸುತ್ತಿಗೇ ಜೋಡಿಯಾಗಿ ನಿದ್ದೆ! ಹೆತ್ತ ಮೇಲೆ ನನ್ನ ತಂಗಿ ನೆಮ್ಮದಿಯಾಗಿ ಮಧ್ಯಾಹ್ನ ಮಲಗಿದ್ದು ಆಗಲೇ.

ಚಿಕ್ಕಪ್ಪ ತಳ್ಳುತ್ತಾ ಏನು ಗೊಣಗುತ್ತಾರೆಂದು ನಾನೊಮ್ಮೆ ಹಿಂದೆ ಹಿಂದೆ ಹೋಗಿ ಕೇಳಿದೆ. ಕೂಸುಗಳಿಗೆ ಗಾಡಿಯ ದೋಷಗಳನ್ನು ವಿವರಿಸುತ್ತಿದ್ದರು! "ನೋಡು ಅರೇಬಿಕಾ, ಈ ಕೊಡೆ ಇದೆಯಲ್ಲ, ಇದು ಬಿಸಿಲಿಗೆ ಮಾತ್ರ. ಹನಿ ಬಿದ್ರೆ ಸೋರುತ್ತೆ. ಇದು ಹದಿಮೂರನೇದು. ನಿಮ್ಮಪ್ಪನಿಗೆ ಹೇಳು. ಅವನಿಗೆ ಮಾತು ಕಡಿಮೆ, ನೀನೇ ಹೇಳ್ಬೇಕು." ಅರೇಬಿಕಾ ಹೊಸ ಮುಖಕ್ಕೆಲ್ಲ ಅಳುವವಳು ಅವರ ಮುಖವನ್ನೇ ನೋಡುತ್ತಾ ಕೈ ಚಾಚಿದಳು. ಎತ್ತಿಕೋ ಎನ್ನುವ ಹಾಗೆ. ಚಿಕ್ಕಪ್ಪ ಬಗ್ಗಿದರು. ಇನ್ನೇನು ಎತ್ತಿಯೇಬಿಟ್ಟರು ಎಂದುಕೊಂಡೆ. ಬಗ್ಗಿದವರು ಅಲ್ಲೇ ನಿಂತು, ಮತ್ತೆ ಹಿಡಿಕೆ ಹಿಡಿದು, "ನಡೀ ನಡೀ, ಇನ್ನೊಂದು ಸುತ್ತು" ಎಂದರು.

ತಂಗಿ ಹೊರಡಲು ಇನ್ನು ಆರು ದಿನವಿತ್ತು. ಆ ಮಧ್ಯಾಹ್ನ ಆಳುಗಳೆಲ್ಲ ಮೇಲಿನ ತೋಟದಲ್ಲಿ ಕೊನೆಯ ಕೊಯ್ಲಿನಲ್ಲಿದ್ದರು. ಅಮ್ಮನೂ ತಂಗಿಯೂ ಮನೆಯೊಳಗೆ ಮಲಗಿದ್ದರು. ಕಣದಲ್ಲಿ ನಾನು, ಮೇಸ್ತ್ರಿ, ಚಿಕ್ಕಪ್ಪ, ಗಾಡಿ. ಘಟ್ಟದ ಕಡೆಯಿಂದ ಒಂದು ಮೋಡ ಬಂತು. ಜನವರಿಯಲ್ಲಿ ಮೋಡ! ಯಾರು ನಂಬುತ್ತಾರೆ? ನಾವು ಮುಖ ಮೇಲೆತ್ತಿ ನೋಡುತ್ತಿರುವಾಗಲೇ ದಪ್ಪ ಹನಿ ಬಿತ್ತು.

ಇಂಥ ಹೊತ್ತಿನಲ್ಲಿ ಮಾಡಬೇಕಾದ್ದು ನಮಗೆಲ್ಲ ಕಂಠಪಾಠ. ಹಲಗೆಯಿಂದ ಕಾಫಿಯನ್ನು ನಡುವಿಗೆ ತಳ್ಳಿ ರಾಶಿ ಮಾಡಬೇಕು, ಟಾರ್ಪಾಲು ಹೊದಿಸಬೇಕು. ನಾನೂ ಮೇಸ್ತ್ರಿಯೂ ಎರಡು ಕಡೆಯಿಂದ ತಳ್ಳಿದೆವು. ಗಡಿಬಿಡಿಯಲ್ಲಿ ತಳ್ಳಿದ್ದರಿಂದ ಚಿಕ್ಕಪ್ಪನ ಪ್ರದಕ್ಷಿಣೆಯ ದಾರಿಯ ಮೇಲೆಲ್ಲ ಬೀಜ ಹರಡಿತು. ನಾನು ಟಾರ್ಪಾಲು ಎಳೆದುಕೊಂಡು ರಾಶಿಯ ಕಡೆ ಓಡಿದೆ. ನಡುದಾರಿಯಲ್ಲಿ ಚಿಕ್ಕಪ್ಪ ಅದನ್ನು ಕಿತ್ತುಕೊಂಡು ಗಾಡಿಯ ಮೇಲೆ ಹಾಕಿದರು!

"ಚಿಕ್ಕಪ್ಪ! ಕಾಫಿ!"

"ನೆನೀಲಿ!"

ನಾನೂ ಮೇಸ್ತ್ರಿಯೂ ಮಳೆಯಲ್ಲಿ ಕಲ್ಲಿನ ಹಾಗೆ ನಿಂತುಬಿಟ್ಟೆವು. ಆ ಕಣದಲ್ಲಿ ಆ ಬಾಯಿಂದ ಆ ಮಾತು ಬರಬಹುದೆಂದು ನಮ್ಮಜ್ಜ ಎದ್ದು ಬಂದು ಹೇಳಿದ್ದರೂ ನಾವು ನಂಬುತ್ತಿರಲಿಲ್ಲ.

ಚಿಕ್ಕಪ್ಪ ಗಾಡಿಯನ್ನು ಗೋಡೌನಿನ ಕಡೆಗೆ ತಳ್ಳಿದರು. ಎರಡು ಹೆಜ್ಜೆ ಹೋಯಿತು, ನಿಂತಿತು. ಆ ಪುಟಾಣಿ ಚಕ್ರಗಳ ಸಂದಿಯಲ್ಲೆಲ್ಲ ಒದ್ದೆ ಬೀಜ ಸಿಕ್ಕಿ ಬಿಗಿದಿತ್ತು. ಎಳೆದರೂ ಇಲ್ಲ, ಒದ್ದರೂ ಇಲ್ಲ. ಹದಿನಾಲ್ಕನೆಯ ದೋಷ! ಟಾರ್ಪಾಲಿನ ಒಳಗೆ ಎರಡೂ ಸೇರಿ ಕಿರುಚತೊಡಗಿದವು. ಮಳೆ ಜೋರಾಯಿತು. ಚಿಕ್ಕಪ್ಪ ಒಮ್ಮೆ ನನ್ನ ಕಡೆ ನೋಡಿದರು. ನಾನು ಅಷ್ಟರಲ್ಲಿ ಎಚ್ಚೆತ್ತು ಇನ್ನೊಂದು ಟಾರ್ಪಾಲಿಗೆಂದು ಕಣದ ಆ ತುದಿಗೆ ಓಡಿದ್ದೆ. ಮತ್ತೆ ನೋಡಲಿಲ್ಲ. ಟಾರ್ಪಾಲು ಸರಿಸಿದರು, ಬೆಲ್ಟು ಕಿತ್ತರು, ಅರೇಬಿಕಾಳನ್ನು ಎಡತೋಳಿಗೆ, ರೋಬಸ್ಟಾನನ್ನು ಬಲತೋಳಿಗೆ ಹಾಕಿಕೊಂಡು ಎದೆಗೊತ್ತಿಕೊಂಡು ಓಡಿದರು. ಅರವತ್ತೆಂಟು ವರ್ಷದ ಮನುಷ್ಯ, ಜಾರುವ ಕಣದ ಮೇಲೆ, ಬರಿಗಾಲಲ್ಲಿ!

ನಾನು ಗೋಡೌನಿಗೆ ಓಡಿಬಂದಾಗ ಅವರು ಕಾಫಿ ಮೂಟೆಯೊಂದರ ಮೇಲೆ ಕುಸಿದು ಕೂತಿದ್ದರು. ಮಕ್ಕಳು ಸುಮ್ಮನಾಗಿದ್ದವು. ಚಿಕ್ಕಪ್ಪನ ಕೈಗಳು ಮಾತ್ರ ಸುಮ್ಮನಿರಲಿಲ್ಲ. ಮೊಣಕೈಯಿಂದ ಬೆರಳಿನ ತುದಿಯ ತನಕ ತರಗೆಲೆಯ ಹಾಗೆ ನಡುಗುತ್ತಿದ್ದವು. ಓಡಿದ ಆಯಾಸವೆಂದುಕೊಂಡೆ.

"ತಗೋ ಮಾರಾಯ, ಬೇಗ ತಗೋ. ಬೀಳಿಸ್ಬಿಡ್ತೀನಿ."

"ಎಂತ ಆಯ್ತು ಚಿಕ್ಕಪ್ಪ? ಚಳಿಯಾ?"

"ಚಳಿ ಎಂತದು. ಎರಡು ವರ್ಷ ಆಯ್ತು. ಚಮಚ ಹಿಡಿದ್ರೂ ಹಿಂಗೇ, ಪೆನ್ನು ಹಿಡಿದ್ರೂ ಹಿಂಗೇ. ಏನಾದ್ರೂ ಎತ್ತೋಕೆ ಹೋದ್ರೆ ಇನ್ನೂ ಜಾಸ್ತಿ."

ಅಷ್ಟರಲ್ಲಿ ತಂಗಿ ಕೊಡೆಯನ್ನೂ ಮರೆತು ಅಂಗಳದಿಂದ ಓಡಿಬಂದಿದ್ದಳು. ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಅವಳ ಕಣ್ಣು ಮೊದಲು ಮಕ್ಕಳ ಮೇಲೆ ಹೋಯಿತು, ಆಮೇಲೆ ಆ ಕೈಗಳ ಮೇಲೆ ಹೋಗಿ ಅಲ್ಲೇ ನಿಂತಿತು.

"ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?"

"ಹೇಳಿದ್ರೆ ನೀನು, ಪರವಾಗಿಲ್ಲ ಎತ್ಕೊಳ್ಳಿ ಅಂತಿದ್ದೆ. ನನಗೆ ಪರವಾಗಿಲ್ಲ ಅನ್ಸಲ್ವಲ್ಲ ಪುಟ್ಟಿ. ಇಷ್ಟಿಷ್ಟೇ ಇದಾವೆ. ಬಿದ್ರೆ?" ಎಂದರು. ಆಮೇಲೆ ಬಾಗಿಲಾಚೆ ಮಳೆಯಲ್ಲಿ ಒಂಟಿಯಾಗಿ ನಿಂತಿದ್ದ ಗಾಡಿಯ ಕಡೆ ಗಲ್ಲದಿಂದ ತೋರಿಸಿದರು. "ಅದಕ್ಕೆ ಒಂದು ಗುಣ ಇದೆ ಕಣವ್ವ. ಅದರ ಹಿಡಿಕೆ ಒತ್ತಿ ಹಿಡ್ಕೊಂಡ್ರೆ ಕೈ ನಡುಗಲ್ಲ. ಇವೆರಡ್ನೂ ನಾನೇ ಹೊತ್ಕೊಂಡು ತಿರುಗ್ತಾ ಇದೀನಿ ಅನ್ಸುತ್ತೆ."

ನಾನು ಮಕ್ಕಳನ್ನು ತೆಗೆದುಕೊಳ್ಳಲು ಬಗ್ಗಿದೆ. ತಂಗಿ ನನ್ನ ಭುಜ ಹಿಡಿದು ತಡೆದಳು. ತಾನೇ ಹೋಗಿ ಮೂಟೆಯ ಮುಂದೆ ಮಂಡಿಯೂರಿ ಕೂತು, ಚಿಕ್ಕಪ್ಪನ ಎರಡು ಮೊಣಕೈಗಳ ಕೆಳಗೆ ತನ್ನ ಎರಡು ಅಂಗೈಗಳನ್ನು ಇಟ್ಟಳು. "ಈಗ ಬೀಳಲ್ಲ" ಎಂದಳು. ರೋಬಸ್ಟಾ ಎಂದಿನಂತೆ ನಿದ್ದೆ ಹೋದ. ಅರೇಬಿಕಾ ಅವರ ಮೂಗು ಹಿಡಿಯಲು ನೋಡುತ್ತಿದ್ದಳು. ಮಳೆ ನಿಲ್ಲುವ ತನಕ ಅವರು ಹಾಗೇ ಕೂತಿದ್ದರು. ಹೊರಗೆ ಮೇಸ್ತ್ರಿ ಒಬ್ಬನೇ ಕಾಫಿಯ ಜೊತೆ ಒದ್ದಾಡುತ್ತಾ ಯಾರನ್ನೋ ಬೈಯುತ್ತಿದ್ದ. ಯಾರನ್ನೆಂದು ನಮಗೆ ಗೊತ್ತಿತ್ತು. ಯಾರೂ ಏಳಲಿಲ್ಲ.

ಆರು ದಿನದ ಮೇಲೆ ಭಾವ ಕಾರು ತಂದು ಅವರನ್ನು ಕರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಒಗೆದ ಪಂಚೆ ಉಟ್ಟು ಜಗಲಿಯಲ್ಲಿ ಸಿದ್ಧವಾಗಿ ಕೂತಿದ್ದರು. "ಜೀಪು ತೆಗಿ, ಚಿಕ್ಕಮಗಳೂರಿಗೆ ಹೋಗ್ಬೇಕು" ಎಂದರಷ್ಟೇ. ನರಗಳ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಸಿ ಎರಡು ಗಂಟೆ ಕಾದೆವು. ದಾರಿಯುದ್ದಕ್ಕೂ ಆಗಲಿ, ಕಾಯುವಾಗ ಆಗಲಿ, ಅವರು ಯಾವುದಕ್ಕೂ ಒಂದು ದೋಷ ಹೇಳಲಿಲ್ಲ.

ಡಾಕ್ಟರ್ ಹುಡುಗ ವಯಸ್ಸಿನವರು. ಕಾಗದದಿಂದ ತಲೆಯೆತ್ತದೆ, "ಏನು ತೊಂದರೆ ಯಜಮಾನ್ರೇ?" ಎಂದು ಕೇಳಿದರು.

"ತೊಂದರೆ ಏನಿಲ್ಲ ಡಾಕ್ಟ್ರೇ" ಎಂದರು ಚಿಕ್ಕಪ್ಪ. "ಎರಡು ಮಕ್ಕಳನ್ನ ಎತ್ಕೋಬೇಕು. ಶಿವರಾತ್ರಿಗೆ ಬರ್ತಾವೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅವರ ಮುಖ ನೋಡಿದರು. ಆಮೇಲೆ, "ಎಲ್ಲಿ, ಕೈ ಮುಂದೆ ಚಾಚಿ ನೋಡೋಣ" ಎಂದರು.

ಚಿಕ್ಕಪ್ಪ ಅಂಗೈ ಮೇಲೆ ಮಾಡಿ ಎರಡೂ ಕೈಗಳನ್ನು ಚಾಚಿದರು.